ವಿಹಾರನೌಕೆಗೆ ಜೋಡಿ ಫಿಲ್ಟರ್

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪುಣೆ ಹತ್ತಿರದ ಭೋಸರಿಯ ಒಂದು ಫಿಲ್ಟರ್ ಕಾರ್ಖಾನೆಯಲ್ಲಿದ್ದೆ. ನಾವು ಡೀಸೆಲ್ ಸೋಸುವ ಫಿಲ್ಟರ್ ಮಾಡುತ್ತಿದ್ದುದು ಜನರೇಟರುಗಳಿಗೆ. ಜನರೇಟರ್ ಪಾಪ, ಕಾಂಕ್ರೀಟಿನ ಮೇಲೆ ಕೂತಲ್ಲೇ ಕೂತಿರುತ್ತದೆ. ಹೀಗಿರುವಾಗ ಮುಂಬಯಿಯ ಸಾಹುಕಾರರೊಬ್ಬರು ತಮ್ಮ ವಿಹಾರನೌಕೆಗೆ ಫಿಲ್ಟರ್ ಆರಿಸಿಕೊಡಿ ಎಂದರು. ನೌಕೆ ಎಲ್ಲೂ ನಿಲ್ಲದೆ ಕೊಚ್ಚಿ ಮುಟ್ಟಬೇಕಂತೆ. ಆರಿಸುವ ಕೆಲಸ ನನ್ನ ತಲೆಗೆ ಬಂತು. ನಾನು ಸಮುದ್ರ ನೋಡಿದ್ದು ಚೌಪಾಟಿಯಲ್ಲಿ, ಅದೂ ಭೇಲ್‌ಪುರಿ ತಿನ್ನುತ್ತಾ.

ಚಹಾ ಕುಡಿಯುವಷ್ಟರಲ್ಲಿ ಆರಿಸಿ ಮುಗಿಸಿದೆ. ಒಂದೇ ಫಿಲ್ಟರ್, ಜನರೇಟರಿಗೆ ಕೊಡುವಂಥದ್ದೇ.

"ಕಸ ಕಟ್ಟಿಕೊಂಡ್ರ?" ಕಾರ್ಖಾನೆಯ ಮಾಲಕರು ಕೇಳಿದರು.

"ಎಂಜಿನ್ ಬಂದ್ ಮಾಡಿ ಬದಲಸ್ತಾರ್ರಿ, ಅದರಾಗೇನದ?" ಎಂದೆ.

ವಿಜಾಪುರ ಕಡೆಯ ನಮ್ಮ ಮಾಲಕರದೊಂದು ಪದ್ಧತಿಯಿತ್ತು: ಮಾಲು ಆರಿಸಿದವನೇ ಮೊದಲ ಓಟದ ದಿನ ಕಾಯಿ ಒಡೆದು, ಓಟ ಮುಗಿಯುವತನಕ ಯಂತ್ರದ ಪಕ್ಕ ನಿಲ್ಲಬೇಕು. "ಛಲೋ ಆತು. ಹಂಗಾದ್ರ ಕೊಚ್ಚಿಗೆ ಹೋಗಿ ಬರ್ರಿ" ಎಂದರು ತಣ್ಣಗೆ.

ಮನೆಯಲ್ಲಿ ಹೇಳಿದರೆ ಹೆಂಡತಿ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು. "ಅಲ್ರೀ, ಈಸಾಕ ಬರ್ತದೇನ್ರಿ ನಿಮಗ? ನಡು ಸಮುದ್ರದಾಗ ಎಂಜಿನ್ ಬಂದ್ ಬಿದ್ರ ಏನ್ ಮಾಡೋರು?" ಎಂದಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮರುದಿನ ನಾನು ಬೇರೆಯೇ ಮನುಷ್ಯ. ನೌಕೆ ಕುಲುಕಿದರೆ ಟ್ಯಾಂಕಿನ ತಳದ ಗಸಿಯೆಲ್ಲ ಎದ್ದು ಫಿಲ್ಟರಿಗೆ ಬಂದು ಕೂರುತ್ತದೆ ಎಂಬ ಜ್ಞಾನೋದಯ ಆಗಲೇ ಆದದ್ದು. ಒಂದರ ಜಾಗದಲ್ಲಿ ಜೋಡಿ ಫಿಲ್ಟರ್ ಹಾಕಿಸಿದೆ. ಒಂದು ಕಟ್ಟಿಕೊಂಡರೆ ಹಿಡಿಕೆ ತಿರುಗಿಸಿದರಾಯಿತು, ಎಂಜಿನ್ ನಿಲ್ಲದೆ ಇನ್ನೊಂದರಿಂದ ಡೀಸೆಲ್ ಕುಡಿಯುತ್ತದೆ. ಅದಕ್ಕೂ ಮೊದಲು, ಡೀಸೆಲ್ಲಿನಲ್ಲಿ ಸೇರಿದ ನೀರು ಇಳಿಯಲು ಒಂದು ಗಾಜಿನ ಬಟ್ಟಲು. ಸಾಲದ್ದಕ್ಕೆ ಚೀಲದ ತುಂಬ ಬಿಡಿ ಫಿಲ್ಟರು.

"ಜೀವದ ಮ್ಯಾಲೆ ಭಾಳ ಆಸೆ ಅದ ಬಿಡ್ರಿ ನಿಮಗ!" ಎಂದು ಮಾಲಕರು ನಕ್ಕರು. ಇರಬಾರದೇ ಮತ್ತೆ? ಅವರದೇನು ಹೋಗುತ್ತಿತ್ತು!

ನೌಕೆ ಹೊರಟಿತು. ಕಾಯಿ ಒಡೆದು ಎಂಜಿನ್ ಪಕ್ಕ ನಿಂತೆ. ದಂಡೆ ಮರೆಯಾಗುವ ಮೊದಲೇ ನೌಕೆಯ ಅಂಚಿಗೆ ಓಡಿ ಕಕ್ಕಿದೆ. ಬೆಳಗಿನ ಅವಲಕ್ಕಿ, ಹೆಂಡತಿ ಕಟ್ಟಿಕೊಟ್ಟಿದ್ದ ಶೇಂಗಾ ಹೋಳಿಗೆ, ಎಲ್ಲ ಅರಬ್ಬಿ ಸಮುದ್ರದ ಪಾಲಾದವು. ಗೋಡೆ ಹಿಡಿದುಕೊಂಡು ಕಪ್ತಾನರ ಹತ್ತಿರ ಹೋದೆ. ಅವರು ಮಲ್ಪೆ ಕಡೆಯವರು. ಎಂಜಿನ್ ಕೆಡದೆ ದಂಡೆಗೆ ತಿರುಗಿಸುವ ಆಸಾಮಿಯಲ್ಲ.

"ಸಾಹೇಬ್ರ, ಫಿಲ್ಟರ್ ಪೂರಾ ಕಟ್ಟಿಕೊಂಡದರೀ" ಎಂದು ಸುಳ್ಳು ಹೇಳಿದೆ. "ಎಂಜಿನ್ ಬಂದ್ ಬೀಳೂದ್ರಾಗ ರತ್ನಾಗಿರಿ ಬಂದರಕ್ಕ ತಗೋರಿ, ಕೈ ಮುಗೀತೀನಿ."

ಅವರು ನನ್ನ ಮುಖ ನೋಡಿದರು. "ಎಂತ ಮಾರಾಯ್ರೇ, ಒಂದು ಕಟ್ಟಿದ್ರೆ ಇನ್ನೊಂದು ಉಂಟಲ್ಲ! ಅದೂ ಕಟ್ಟಿದ್ರೆ ಚೀಲದ ತುಂಬ ಉಂಟು. ನೀವೇ ಹಾಕಿಸಿದ್ದಲ್ವಾ?" ಎಂದು ಒಂದು ಬಕೆಟ್ ಕೊಟ್ಟು ಕಳಿಸಿದರು.

ಕೊಚ್ಚಿಯವರೆಗೂ ಆ ಹಾಳು ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ. ಜೀವಮಾನದಲ್ಲಿ ನಾನು ಅಷ್ಟು ಸರಿಯಾಗಿ ಆರಿಸಿದ ವಸ್ತು ಇನ್ನೊಂದಿಲ್ಲ. ಬಕೆಟ್ ತಬ್ಬಿಕೊಂಡು ದಾರಿಯುದ್ದಕ್ಕೂ ಅದನ್ನೇ ಬೈದೆ.