ಅಳಿಯನ ಪ್ರೆಟ್ಜೆಲ್, ಅತ್ತೆಯ ಸೆರಗು

ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ನಮ್ಮ ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ನನ್ನೊಡನೆ ಒಂದು ಮಾತನ್ನೂ ನೇರವಾಗಿ ಆಡಿರಲಿಲ್ಲ. ಜಗಳವೇನಲ್ಲ, ಅವರ ಕಾಲದ ಮರ್ಯಾದೆ ಅದು. ಅಳಿಯ ಎದುರಿಗೆ ಬಂದರೆ ತಲೆ ಮೇಲೆ ಸೆರಗು ಹೊದ್ದು ಎದ್ದು ನಿಲ್ಲಬೇಕು, ಬಾಗಿಲ ಮರೆಗೆ ಸರಿಯಬೇಕು, ಹೇಳುವುದಿದ್ದರೆ ಮಗಳ ಮೂಲಕ ಹೇಳಿಸಬೇಕು. ಮಗಳು ಹತ್ತಿರ ಇಲ್ಲದಿದ್ದರೆ ಗೋಡೆಯ ಕ್ಯಾಲೆಂಡರಿನ ಕಡೆ ಮುಖ ಮಾಡಿ, "ಚಾ ಆರ್ತೈತೆ, ಅಳಿಯಂದ್ರು ಕುಡೀಬೇಕಂತೆ" ಎನ್ನುತ್ತಿದ್ದರು. ನಾನೂ ಕ್ಯಾಲೆಂಡರಿಗೇ ಉತ್ತರ ಕೊಡುತ್ತಿದ್ದೆ. ವರ್ಷಕ್ಕೆ ನಾಲ್ಕು ಸಲ ಹರಿಹರಕ್ಕೆ ಹೋಗಿ ಹೋಳಿಗೆ ಉಂಡು ಬರುವ ಅಳಿಯನಿಗೆ ಇಷ್ಟು ಸಂಭಾಷಣೆ ಧಾರಾಳವಾಗಿ ಸಾಕಾಗಿತ್ತು.

ಆದರೆ ಅವರ ಎರಡೂ ಕಣ್ಣಿಗೆ ಪೊರೆ ಬಂತು. ದಾವಣಗೆರೆಯಲ್ಲೇ ಆಪರೇಷನ್, ಒಂದು ಕಣ್ಣು ಈಗ, ಇನ್ನೊಂದು ಮೂರು ವಾರ ಬಿಟ್ಟು ಎಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಎಸ್.ಎಸ್. ಬಡಾವಣೆಯ ನಮ್ಮ ಮನೆಯಲ್ಲಿರಬೇಕು. ಮೊದಲ ಕಣ್ಣಿನದು ಮುಗಿಯಿತು. ಬಗ್ಗಬಾರದು, ಒಲೆ ಮುಂದೆ ನಿಲ್ಲಬಾರದು, ಹಾಯಾಗಿ ಕೂತಿರಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು. ಹೆಂಡತಿಗೆ ಆಫೀಸು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು, ನನಗೆ ಬೇಸಿಗೆ ರಜೆ. ಹಗಲೆಲ್ಲ ಮನೆಯಲ್ಲಿ ಅತ್ತೆ ಮತ್ತು ನಾನು, ಇಬ್ಬರೇ.

ನಾನು ಹಾಲಿಗೆ ಕಾಲಿಟ್ಟರೆ ಸಾಕು, ಕಪ್ಪು ಕನ್ನಡಕದ ಅತ್ತೆ ದಡಕ್ಕನೆ ಎದ್ದು ನಿಲ್ಲುತ್ತಿದ್ದರು. ಪೇಪರ್ ತೆಗೆದುಕೊಳ್ಳಲು ಹೋದೆ, ಎದ್ದರು. ಫ್ಯಾನ್ ಹಾಕಲು ಹೋದೆ, ಎದ್ದರು. ಒಂದೇ ಬೆಳಿಗ್ಗೆ ಹನ್ನೊಂದು ಸಲ ಎದ್ದರು. ಇದು ವಿಶ್ರಾಂತಿಯೋ ಪೊಲೀಸ್ ಕವಾಯತೋ ಎಂದು ನನಗೆ ಮೈಯೆಲ್ಲ ಉರಿಯಿತು. ಆದರೆ ಅತ್ತೆಯನ್ನು ಬೈಯಲು ಬರುತ್ತದೆಯೇ? ಕೊನೆಗೆ ಅವರಾದರೂ ಕೂತಿರಲಿ ಎಂದು ನಾನೇ ಅಡುಗೆಮನೆ ಸೇರಿಕೊಂಡೆ. ಅದಕ್ಕೆ ಹಿತ್ತಲ ಬಾಗಿಲಿದೆ, ಹಾಲ್ ದಾಟದೆ ಹೋಗಿ ಬರಬಹುದು.

ಅಷ್ಟರಲ್ಲಿ ಅತ್ತೆ ದಿನಾ ಸಂಜೆ ಮಗಳ ಹತ್ತಿರ ಒಂದೇ ರಾಗ ಶುರು ಮಾಡಿದರು. "ಊರಿಗೆ ಕಳ್ಸಿಬಿಡವ್ವ. ಇನ್ನೊಂದು ಕಣ್ಣು ಮಾಡ್ಸೋದು ಬ್ಯಾಡ. ದೇವ್ರನ್ನ ನೋಡಾಕೆ ಒಂದು ಸಾಕು." ಬಿಟ್ಟರೆ ಆ ಕಣ್ಣು ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಹೆಂಡತಿ ಗದರಿದಳು, ಬೇಡಿಕೊಂಡಳು, ಒಂದು ದಿನ ಅತ್ತೂ ಬಿಟ್ಟಳು. ಅತ್ತೆ ಮಾತ್ರ ಹಿಡಿದ ಹಟ ಬಿಡಲಿಲ್ಲ.

ನಾನು ಅಡುಗೆಮನೆಯಲ್ಲಿ ಕೂತು ಫೋನು ನೋಡುತ್ತಿದ್ದೆ. ಅಲ್ಲಿ ಸಿಕ್ಕಿದ್ದೇ ಪ್ರೆಟ್ಜೆಲ್ ಬೈಟ್ಸ್. ಈಸ್ಟ್ ಹಾಕಿ ಉಬ್ಬಿಸಿದ ಮೈದಾ ಹಿಟ್ಟನ್ನು ಹೆಬ್ಬೆರಳಿನಷ್ಟು ತುಂಡು ಮಾಡಿ, ಅಡುಗೆ ಸೋಡಾ ಹಾಕಿದ ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಮುಳುಗಿಸಿ, ಆಮೇಲೆ ಓವನ್ನಿನಲ್ಲಿ ಸುಡುವ ಪರದೇಶದ ತಿನಿಸು. ಹೊರಗೆ ಕೆಂಪಗೆ, ಒಳಗೆ ಮೆತ್ತಗೆ. ಸೋಡಾ ನೀರು ಹಿಟ್ಟಿನ ಬಣ್ಣ ಬದಲಿಸುವ ಸಂಗತಿ ಓದಿ ನನ್ನೊಳಗಿನ ಮೇಷ್ಟ್ರಿಗೆ ಖುಷಿಯಾಯಿತು. ವೀಡಿಯೋದ ಹುಡುಗಿ ಬೇರೆ ಮಾತುಮಾತಿಗೂ 'ತುಂಬಾ ಈಸಿ' ಎನ್ನುತ್ತಿದ್ದಳು. ಅಷ್ಟು ಸುಲಭವಾದದ್ದು ನನಗೆ ಬಾರದೇ ಇರುತ್ತದೆಯೇ?

ಉಗುರುಬೆಚ್ಚಗಿನ ನೀರಿಗೆ ಸಕ್ಕರೆ, ಈಸ್ಟ್ ಹಾಕಿದೆ, ಚೆನ್ನಾಗಿ ನೊರೆ ಬಂತು. ಮೈದಾ, ಉಪ್ಪು, ಬೆಣ್ಣೆ ಸೇರಿಸಿ ಹತ್ತು ನಿಮಿಷ ನಾದಿದೆ. ಒದ್ದೆ ಬಟ್ಟೆ ಮುಚ್ಚಿ, ಹಿಟ್ಟು ಎರಡರಷ್ಟು ಉಬ್ಬುವ ಒಂದು ಗಂಟೆ ಏನು ಮಾಡುವುದೆಂದು ಸ್ಕೂಟರ್ ಹತ್ತಿ ಶಾಮನೂರಿನ ಕಡೆ ಹೋಗಿ ಚಾ ಕುಡಿದು ಬಂದೆ. ಬಂದು ನೋಡಿದರೆ ಹಿಟ್ಟು ಎಳ್ಳಷ್ಟೂ ಉಬ್ಬಿಲ್ಲ, ಚಪಾತಿ ಹಿಟ್ಟಿಗಿಂತ ಬಿಗಿಯಾಗಿ ಕೂತಿದೆ. ಹಾಗೇ ಸುಟ್ಟೆ. ಹೆಂಡತಿ ಒಂದನ್ನು ಕಚ್ಚಿ ನೋಡಿ, "ರೀ, ಇವನ್ನ ಕೇರಂ ಬೋರ್ಡಿಗೆ ಇಟ್ಕಳ್ರಿ" ಎಂದಳು.

ನಾಲ್ಕು ದಿನ ಬಿಟ್ಟು ಮತ್ತೆ ಮಾಡಿದೆ. ಮತ್ತೆ ಕಲ್ಲು. ಈ ಸಲ ಈಸ್ಟ್ ಮಾರಿದ ಅಂಗಡಿಯವನ ಮೇಲೆ ಹೋಗಿ ಕೂಗಾಡಿದೆ. ಆತ ಪಾಕೀಟು ತಿರುಗಿಸಿ, "ಡೇಟ್ ನೀವೇ ನೋಡ್ರಿ ಸರ, ಇನ್ನೂ ಎಂಟು ತಿಂಗ್ಳು ಐತೆ" ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಮಾತನ್ನು ಲ್ಯಾಬಿನಲ್ಲಿ ಹುಡುಗರಿಗೆ ನಾನೇ ಎಷ್ಟೋ ಸಲ ಹೇಳಿದ್ದೇನೆ, ಆದರೆ ಅಂದು ನೆಲವೇ ಡೊಂಕೆಂದು ನನಗೆ ಖಾತ್ರಿಯಿತ್ತು.

ಮೂರನೆಯ ಸಲ ಹಿಟ್ಟು ಮುಚ್ಚಿಟ್ಟು ಹೊರಟವನು ಫೋನು ಮರೆತಿದ್ದೆ. ಅರ್ಧ ದಾರಿಯಿಂದ ತಿರುಗಿ ಬಂದು ಹಿತ್ತಲ ಬಾಗಿಲು ತೆಗೆದೆ. ಕಟ್ಟೆಯ ಮುಂದೆ ಅತ್ತೆ ನಿಂತಿದ್ದರು. ಕಪ್ಪು ಕನ್ನಡಕ, ಹಣೆ ತುಂಬ ವಿಭೂತಿ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಹೋಳಿಗೆ ಕಣಕ ನಾದುವಂತೆ ನನ್ನ ಹಿಟ್ಟನ್ನು ಎತ್ತೆತ್ತಿ ಕುಕ್ಕುತ್ತಿದ್ದಾರೆ. ಪಕ್ಕದಲ್ಲಿ ಮೈದಾ ಡಬ್ಬ ಬಾಯಿ ತೆರೆದುಕೊಂಡಿದೆ.

ನನ್ನನ್ನು ಕಂಡದ್ದೇ ಅವರ ಕೈ ಸೆರಗಿಗೆ ಹೋಯಿತು, ಅರ್ಧಕ್ಕೇ ನಿಂತಿತು. ಮಣಿಕಟ್ಟಿನವರೆಗೆ ಎರಡೂ ಕೈಗೆ ಹಿಟ್ಟು ಮೆತ್ತಿಕೊಂಡಿತ್ತು. ಹಾಲಿನ ಕಡೆ ಸರಿಯೋಣವೆಂದರೆ ಅಷ್ಟರಲ್ಲಿ ನಾನು ಒಳಗೆ ಬಂದು ದಾರಿಗೆ ಅಡ್ಡ ನಿಂತಿದ್ದೆ. ಗೋಡೆಯ ಕಡೆ ನೋಡಿದರು. ಅಡುಗೆಮನೆಯಲ್ಲಿ ಕ್ಯಾಲೆಂಡರ್ ಇಲ್ಲ. ಬೇರೆ ದಾರಿಯಿಲ್ಲದೆ ನನಗೇ ಹೇಳಿದರು.

"ಹಿಟ್ಟು ಸಡ್ಲಾಗಿತ್ರಿ. ಎರಡು ಹಿಡಿ ಮೈದಾ ಹಾಕಿ ಗಟ್ಟಿ ಮಾಡ್ದೆ."

"ಹಿಂದಿನ ಸಲಾನೂ ನೀವೇನಾ?"

"ಹೂಂ ರೀ. ಅದರ ಹಿಂದ್ಲ ಸಲಾನೂ."

ನನಗೆ ಸಿಟ್ಟು ನೆತ್ತಿಗೇರಿತು. "ಅತ್ತೇರೇ, ಡಾಕ್ಟ್ರು ನಿಮ್ಮನ್ನ ಸುಮ್ನೆ ಕುಂದ್ರಾಕೆ ಹೇಳಿಲ್ವೇನ್ರಿ?" ಎಂದೆ. ಹತ್ತೊಂಬತ್ತು ವರ್ಷಕ್ಕೆ ಸಿಕ್ಕ ಮೊದಲ ನೇರ ಮಾತುಕತೆ ಬೈಗುಳಕ್ಕೇ ತಿರುಗಿತು.

"ಹೆಂಗೆ ಕುಂದ್ರಲಿ ಹೇಳ್ರಿ?" ಎಂದರು ಅತ್ತೆ. "ನಾನು ಬಂದು ಕುಂತಿದ್ದಕ್ಕೆ ಅಳಿಯಂದ್ರು ಹಿಟ್ಟು ನಾದಂಗಾತು. ನನ್ನ ಚಾಕ್ರಿ ಮಾಡೋದ್ರಾಗೆ ಮಗಳಿಗೆ ಗಂಡನ ಹೊಟ್ಟೆ ನೋಡಾಕೆ ಪುರುಸೊತ್ತಿಲ್ಲ. ನೀವು ಹೊರಗೆ ಹೋದಾಗ ಅಷ್ಟಾದ್ರೂ ಹಗುರ ಮಾಡೋಣ ಅಂತ ಬಂದೆ. ನಾಳೆ ಹರಿಹರಕ್ಕೆ ಹೋಗಿಬಿಡ್ತೀನ್ರಿ. ಅಳಿಯನ್ನ ಒಲೆ ಮುಂದೆ ನಿಲ್ಲಿಸಿ ಆ ಕಣ್ಣು ತಗಂಡು ನಾನೇನು ಮಾಡ್ಲಿ?"

ನನಗೆ ನಾಚಿಕೆಯಾಯಿತು. ಬರೀ ಹಟ ಅಂದುಕೊಂಡಿದ್ದೆ. ನನ್ನ ಮೇಲಿನ ಕಾಳಜಿಗೆ ಈ ಹೆಣ್ಣುಮಗಳು ತನ್ನ ಒಂದು ಕಣ್ಣು ಬಿಟ್ಟುಕೊಡಲು ಹೊರಟಿದ್ದರು.

"ನಾನು ಇಲ್ಲಿ ಸೇರ್ಕಂಡಿದ್ದು ಹಸಿವಿಗಲ್ರಿ," ಎಂದೆ. "ನಾನು ಹಾಲಿಗೆ ಬಂದಾಗೆಲ್ಲ ನೀವು ಎದ್ದು ನಿಲ್ತೀರಿ. ನೀವು ಕೂತಿರ್ಲಿ ಅಂತ ಇಲ್ಲಿ ಅಡಗಿದ್ದೀನಿ."

ಅತ್ತೆಯ ಹೊಟ್ಟೆ ನಗುವಿಗೆ ಅಲುಗಿತು. "ಅಯ್ಯೋ ಶಿವನೇ! ನಾನು ನಿಮಗಂಜಿ, ನೀವು ನನಗಂಜಿ, ನಡುವೆ ಕೂಸು ಬಡವಾತು ನೋಡ್ರಿ," ಎಂದು ಹಿಟ್ಟನ್ನು ತೋರಿಸಿ ನಕ್ಕೇ ನಕ್ಕರು. ಕಣ್ಣಿಗೆ ಆಯಾಸವಾದೀತು, ನಗಬೇಡಿ ಎಂದರೂ ಕೇಳಲಿಲ್ಲ.

ಅಂದೇ ಹೊಸ ಹಿಟ್ಟು ಕಲಸಿದೆ. ಪಕ್ಕದಲ್ಲಿ ಕುರ್ಚಿ ಹಾಕಿ, ನೀವು ಕೂತರೆ ಮಾತ್ರ ನಾನು ಅಡುಗೆಮನೆ ಬಿಡುವುದು ಎಂದೆ. ತುದಿಯಲ್ಲಿ ಅಷ್ಟೇ ಅಷ್ಟು ಕೂತರು, ಮುಖ ಮಾತ್ರ ಫ್ರಿಜ್ಜಿನ ಕಡೆಗೆ. ಆ ಒಂದು ಗಂಟೆಯಲ್ಲಿ ನನ್ನ ಹೆಂಡತಿ ಚಿಕ್ಕಂದಿನಲ್ಲಿ ಎಂಥ ಅಳುಬುರುಕಿ ಎಂಬುದೆಲ್ಲ ನನಗೆ ತಿಳಿಯಿತು. ನಡುನಡುವೆ ಬಟ್ಟೆ ಎತ್ತಿ ಇಣುಕುತ್ತಿದ್ದರು, ಕೈ ಮಾತ್ರ ಹಾಕಲಿಲ್ಲ. ತುಂಡುಗಳನ್ನು ಸೋಡಾ ನೀರಿಗೆ ಬಿಟ್ಟಾಗ, "ಸುಡೋದಕ್ಕೆ ಮುಂಚೆ ಇವಕ್ಕೆ ಜಳಕ ಯಾಕ್ರಿ?" ಎಂದು ಕೇಳಿದರು. ಸುಟ್ಟು, ಬೆಣ್ಣೆ ಸವರಿ, ಮೇಲೆ ಹರಳುಪ್ಪು ಉದುರಿಸಿ ಕೊಟ್ಟೆ. ಮೆತ್ತಗಿದ್ದವು! ಅತ್ತೆ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ಆರು ತಿಂದರು. "ಚಲೋ ಅದಾವೆ. ಉಪ್ಪು ಒಳಗೆ ಹಾಕೋದು ಮರ್ತೀರಿ ಅಷ್ಟೇ" ಎಂದರು.

ಹರಿಹರದ ಮಾತು ಮತ್ತೆ ಬರಲಿಲ್ಲ. ಎರಡನೆಯ ಕಣ್ಣಿನ ಆಪರೇಷನ್ ಗೊತ್ತುಮಾಡಿದ ದಿನವೇ ಆಯಿತು. ಮಾರನೆಯ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಹೆಂಡತಿ ಔಷಧಿ ತರಲು ಕೆಳಗಿಳಿದಿದ್ದಳು, ನಾನು ಒಬ್ಬನೇ ಕೋಣೆಯೊಳಗೆ ಹೋದೆ. ಅತ್ತೆ ಏಳಲಿಲ್ಲ. ತಲೆ ಎತ್ತಿ, ಎರಡೂ ಕಣ್ಣಿನಿಂದ, ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು.

"ಅಳಿಯಂದ್ರೇ, ತಲೆ ಎಲ್ಲಾ ಬೆಳ್ಳಗಾಗೈತಲ್ರೀ," ಎಂದರು. "ನಾನು ನಿಮ್ಮನ್ನ ನೆಟ್ಟಗೆ ನೋಡಿದ್ದು ಬಾಸಿಂಗ ಕಟ್ಟಿದ ದಿನಾನೇ. ನನ್ನ ಕಣ್ಣಾಗೆ ಇನ್ನೂ ಆ ಹುಡುಗನೇ ಇದ್ದ."

ನಾನು ಕುರ್ಚಿ ಎಳೆದುಕೊಂಡು ಅವರ ಎದುರಿಗೇ ಕೂತೆ.