ತುಂಬುವ ಬಾಟಲಿಗೆ ಎರಡು ಮೂಗು

ಬೆಳಗಿನ ಆರು ಗಂಟೆ. ಫ್ರಾನ್ಸಿನ ಲುವಾರ್ ನದಿಯ ಮೇಲಿನ ಮಂಜು ಇನ್ನೂ ಸರಿದಿಲ್ಲ. ವೈನ್ ತಯಾರಿಸುವ ರಬುವಾ ಮನೆತನದ ನೆಲಮಾಳಿಗೆಯಲ್ಲಿ ಆರ್ಲೆತ್ ಗೆರಿನೋ ಇಪ್ಪತ್ತೈದು ವರ್ಷ ಹಳೆಯ ಬಾಟಲಿಯ ಬಿರಡೆ ಕಿತ್ತು, ಲೋಟಕ್ಕೆ ಒಂದು ಗುಟುಕು ವೈನ್ ಸುರಿದು ಮೂಗಿಗೆ ಹಿಡಿಯುತ್ತಾರೆ. ಕಾಫಿ ಕುಡಿದಿಲ್ಲ, ಬ್ರೆಡ್ಡು ಮುಟ್ಟಿಲ್ಲ, ಹಲ್ಲುಜ್ಜಿರುವುದೂ ಬರೀ ನೀರಿನಲ್ಲಿ. ಈ ಕೆಲಸಕ್ಕೆ ಹಸಿದ ಮೂಗೇ ಆಗಬೇಕು.

"ಇದು ಚೆನ್ನಾಗಿದೆ. ಬಣ್ಣ ನೋಡಿ ಹೆದರ್ಕೋಬೇಡಿ," ಎನ್ನುತ್ತಾರೆ, ಪತ್ರಿಕೆಗೆ ಬರೆಯಲು ಬಂದ ನನಗೆ. "ಬಂಗಾರದ ಬಣ್ಣ ಬಂದ್ರೆ ವಯಸ್ಸಾಗಿದೆ ಅಂತ, ಸತ್ತಿದೆ ಅಂತಲ್ಲ. ಹೊಳಪು ಹೋಗಿ ಚಹಾದ ಡಿಕಾಕ್ಷನ್ ಥರ ಆಗಿ, ಕೊಳೆತ ಸೇಬಿನ ವಾಸನೆ ಹೊಡೆದ್ರೆ ಆಗ ಗಾಳಿ ಹೊಕ್ಕು ಕೆಟ್ಟಿದೆ ಅನ್ನಿ."

ಸಿಹಿಯಿಲ್ಲದ ಬಿಳಿ ವೈನನ್ನು ಎರಡು ವರ್ಷದೊಳಗೆ ಕುಡಿದು ಮುಗಿಸಬೇಕು ಎನ್ನುವವರೇ ಹೆಚ್ಚು. ಬಹುತೇಕ ವೈನಿಗೆ ಆ ಮಾತು ಸರಿಯೇ. ಆದರೆ ಈ ದಂಡೆಯ ಶೆನಾಂ ದ್ರಾಕ್ಷಿಯದು ಮೊಂಡು ಜಾತಿ, ಅದನ್ನು ಕಾಯುವುದು ಅದರ ಹುಳಿಯೇ. ಮೊದಲ ನಾಲ್ಕು ವರ್ಷ ನಿಂಬೆಯ ಹಾಗೆ ಚುರುಕಾಗಿರುತ್ತದೆ. ಆಮೇಲೆ ಹರೆಯದ ಮಕ್ಕಳ ಹಾಗೆ ಬಾಗಿಲು ಹಾಕಿಕೊಂಡು ಕೂರುತ್ತದೆ, ಎಷ್ಟು ಕರೆದರೂ ಓಗೊಡುವುದಿಲ್ಲ. ಹತ್ತು ದಾಟಿದ ಮೇಲೆ ಜೇನುಮೇಣದ ಪರಿಮಳ ಬೀರುತ್ತಾ ತಾನಾಗಿ ಹೊರಗೆ ಬರುತ್ತದೆ. ನಲವತ್ತು ವರ್ಷ ಬಾಳಿದ ಬಾಟಲಿಗಳು ಇಲ್ಲಿವೆ. ಅಷ್ಟು ಕಾಲ ಬಾಳದೆ ಕೈಕೊಡುವುದು ಬಿರಡೆ.

ಹಾಗಾಗಿ ಹಳೆಯ ಬಾಟಲಿಗಳಿಗೆ ಹೊಸ ಬಿರಡೆ ಹಾಕಬೇಕಾಗುತ್ತದೆ. ಇಷ್ಟು ವರ್ಷದಲ್ಲಿ ವೈನು ಎರಡು ಬೆರಳಷ್ಟು ಇಳಿದಿರುತ್ತದೆ. ಅದೇ ವರ್ಷದ ಒಂದು ಬಾಟಲಿಯನ್ನು ಬಲಿ ಕೊಟ್ಟು, ಅದರಿಂದ ಉಳಿದವನ್ನು ಕತ್ತಿನವರೆಗೆ ತುಂಬುತ್ತಾರೆ. ಒಂದು ಬಾಟಲಿಯಿಂದ ಎರಡು ಡಜನ್ ತುಂಬಬಹುದು. ಆ ಒಂದು ಬಾಟಲಿಗೆ ಮಾತ್ರ ಈ ಮನೆಯಲ್ಲಿ ಹಿಂದಿನಿಂದ ಬಂದ ನಿಯಮವಿದೆ: ತುಂಬುವ ಬಾಟಲಿಗೆ ಎರಡು ಮೂಗು, ಇಬ್ಬರು ಮೂಸಿ ಒಪ್ಪಲೇಬೇಕು. ಅದೇ ಕೆಟ್ಟಿದ್ದರೆ ಹಾಲಿಗೆ ಹುಳಿ ಹಿಂಡಿದಂತೆ, ಎರಡು ಡಜನ್ನೂ ಹೋಯಿತು.

ಆರ್ಲೆತ್‌ಗೆ ಈಗ ಅರವತ್ತೊಂದು. ತಂದೆ ಕಪ್ಪುಕಲ್ಲಿನ ಗಣಿಯಲ್ಲಿದ್ದರು. ಹತ್ತೊಂಬತ್ತಕ್ಕೆ ಇಲ್ಲಿ ಖಾಲಿ ಬಾಟಲಿ ತೊಳೆಯಲು ಸೇರಿದಾಗ, ಯಾವುದರ ವೈನು ಕೆಟ್ಟಿತ್ತೆಂದು ಖಾಲಿ ಬಾಟಲಿ ಮೂಸಿಯೇ ಹೇಳುತ್ತಿದ್ದರಂತೆ. ಈಗ ಬೆಳಗಿಗೆ ಅರವತ್ತು ಬಾಟಲಿ ತೆಗೆಯುತ್ತಾರೆ. ನೂರಕ್ಕೆ ನಾಲ್ಕೋ ಐದೋ ಕೆಟ್ಟಿರುತ್ತವೆ. ನೆಲಮಾಳಿಗೆಯ ಥಂಡಿಗೆ ಮಂಡಿ ಹಿಡಿದಿವೆ. ಗಂಡ ಮೂವತ್ತು ವರ್ಷ ಅಂಗಳದಲ್ಲೇ ನಿಂತು ಸಿಗರೇಟು ಸೇದಿದ್ದಾನೆ. ಮಗಳ ಮದುವೆಗೂ ಆರ್ಲೆತ್ ಸೆಂಟು ಹಾಕಲಿಲ್ಲ.

"ಈ ಮೂಗಿಗೆ ವಿಮೆ ಮಾಡಿಸ್ಬೇಕು ಕಣ್ರೀ," ಎಂದು ಮೆಟ್ಟಿಲಿಳಿದು ಬಂದ ಯಜಮಾನ ರಬುವಾ ನಗುತ್ತಾರೆ. "ನಲವತ್ತೆರಡು ವರ್ಷ, ಒಂದು ಸಲವೂ ತಪ್ಪಿಲ್ಲ. 'ತಪ್ಪದ ಮೂಗು' ಅಂತಾನೇ ಹಾಕಿ ನಿಮ್ಮ ಪುರವಣಿಯಲ್ಲಿ."

ಹೊಗಳಿಕೆ ಕೇಳಿದವರ ಮುಖ ಅರಳಬೇಕು. ಆರ್ಲೆತ್ ಮುಖ ಸುಟ್ಟಂತಾಗುತ್ತದೆ. ಲೋಟವನ್ನು ಎರಡು ಸಲ ತೊಳೆಯುತ್ತಾರೆ.

ಎಂಟರ ಹೊತ್ತಿಗೆ ಮದಾಂ ಬ್ರೆಶೇ ಬರುತ್ತಾರೆ, ಬುಟ್ಟಿಯಲ್ಲಿ ಮೂರು ಬಾಟಲಿ. ಮಗಳು ಹುಟ್ಟಿದ ವರ್ಷ ಅವರ ಗಂಡ ಎರಡು ಡಜನ್ ತೆಗೆದಿಟ್ಟಿದ್ದರು, ಅವಳ ಮದುವೆಗೆಂದು. ಮದುವೆಯ ಮುಂಚಿನ ಚಳಿಗಾಲದಲ್ಲಿ ಅವಕ್ಕೆ ಹೊಸ ಬಿರಡೆ ಹಾಕಿದ್ದು ಇದೇ ಮೇಜಿನ ಮೇಲೆ, ತುಂಬಲು ರಬುವಾ ಮನೆಯದೇ ಒಂದು ಬಾಟಲಿ ತೆಗೆದು. ಒಂಬತ್ತು ವರ್ಷದ ಹಿಂದಿನ ಆ ಮದುವೆಯೂಟದಲ್ಲಿ ಒಂದಾದ ಮೇಲೊಂದು ತೆಗೆದರು, ಇಪ್ಪತ್ತೊಂದನ್ನು. ಒಂದೊಂದರಲ್ಲೂ ನೆನೆದ ರಟ್ಟಿನ ನಾತ, ಕೆಟ್ಟ ಬಿರಡೆ ವೈನಿಗೆ ಹತ್ತಿಸುವಂಥದು. ಬೀಗರು ಕರವಸ್ತ್ರ ಮೂಗಿಗಿಟ್ಟುಕೊಂಡರು. ಗಂಡ ತಲೆ ತಗ್ಗಿಸಿ ಕೂತರು.

"ಭಾನುವಾರ ಮೊಮ್ಮಗಳ ಮೊದಲ ಪರಮಪ್ರಸಾದ," ಎನ್ನುತ್ತಾರೆ ಮದಾಂ. "ಬಿರಡೆ ಮಾರೋ ಆ ಫಿರ್ಮೆಂ ಕೊಟ್ಟ ದರಿದ್ರ ಮಾಲಿನ ದೋಷ ಎಲ್ಲಕ್ಕೂ ತಾಗಿರಲಿಕ್ಕಿಲ್ಲ. ಮೂರರಲ್ಲಿ ಒಂದಾದ್ರೂ ಬದುಕಿರಬಹುದು. ನೀವೇ ನೋಡಿ ಹೇಳ್ಬೇಕು, ಆರ್ಲೆತ್."

ಆರ್ಲೆತ್ ಬಾಟಲಿ ಕೈಗೆತ್ತಿಕೊಂಡು ಹಾಗೇ ನಿಲ್ಲುತ್ತಾರೆ.

"ತೆಗೆಯೋದು ಬೇಡ, ಮದಾಂ. ಮೂರೂ ಕೆಟ್ಟಿವೆ."

"ತೆಗೀದೇನೇ? ಗಾಜಿನೊಳಗಿಂದ ವಾಸನೆ ಬರುತ್ತೇನ್ರೀ ನಿಮಗೆ!"

"ಕೆಡಿಸಿದೋಳು ನಾನೇ. ಅದಕ್ಕೇ ಗೊತ್ತು."

ರಬುವಾ ನಗು ಅರ್ಧಕ್ಕೇ ನಿಲ್ಲುತ್ತದೆ. ಆರ್ಲೆತ್ ಕಣ್ಣೆತ್ತದೆ ಹೇಳುತ್ತಾ ಹೋಗುತ್ತಾರೆ. ಹೊಸ ಬಿರಡೆ ಹಾಕಿದ ಆ ದಿನ ಯಜಮಾನರು ಸೋಮ್ಯೂರ್‌ಗೆ ಯಾರದೋ ಮಣ್ಣಿಗೆ ಹೋಗಿದ್ದರು. ಆರ್ಲೆತ್‌ಗೆ ನೆಗಡಿ, ಮೂಗು ಪೂರಾ ಕಟ್ಟಿತ್ತು. "ನಾಳೆ ಮಾಡಿದ್ರಾಗ್ತಿತ್ತು. ಆರ್ಲೆತ್ ಮೂಗೂ ಕಟ್ಟುತ್ತೆ ಅಂತ ಜನ ಆಡ್ಕೊಂಡ್ರೆ? ಸೊಕ್ಕು. ಒಬ್ಳೇ ಮೂಸಿದೆ, ಏನೂ ಗೊತ್ತಾಗ್ಲಿಲ್ಲ, ತುಂಬಿಬಿಟ್ಟೆ. ಸಂಜೆ ಯಜಮಾನ್ರು ಕೇಳಿದಾಗ ಸರಿಯಾಗೇ ಇತ್ತು ಅಂದೆ."

ಮದುವೆಯ ಸುದ್ದಿ ಕಿವಿಗೆ ಬಿದ್ದ ದಿನ ಅವರು ಹಳೆಯ ಬಿರಡೆಗಳನ್ನಿಡುವ ಗೋಡೆಗೂಡಿನಿಂದ ಆ ಬಲಿ ಬಾಟಲಿಯದನ್ನು ಹುಡುಕಿ ಮೂಸಿದರು. ನೆಗಡಿ ಬಿಟ್ಟು ತಿಂಗಳುಗಳಾಗಿದ್ದವು. ಒದ್ದೆ ರಟ್ಟಿನ ನಾತ ರಪ್ಪನೆ ಹೊಡೆಯಿತು.

"ಸೇತುವೆ ಮೇಲಿಂದ ಹೊಳೆಗೆ ಎಸೆದೆ. ಬಿರಡೆ ಮುಳುಗುತ್ತಾ, ದೇವ್ರೇ? ತೇಲ್ಕೊಂಡು ಹೋಯ್ತು. ಕಣ್ಮರೆಯಾಗೋವರ್ಗೂ ಕಂಬಿ ಹಿಡ್ಕೊಂಡು ನಿಂತಿದ್ದೆ, ಯಾರಾದ್ರೂ ನೋಡ್ತಾರೇನೋ ಅಂತ."

ಯಾರೂ ನೋಡಲಿಲ್ಲ. ಎಲ್ಲ ಬಾಟಲಿಯೂ ಒಂದೇ ಥರ ಕೆಟ್ಟಿದೆ ಎಂದ ಮೇಲೆ ಹೊಸ ಬಿರಡೆಯದೇ ದೋಷ ಎಂದು ಊರು ತೀರ್ಮಾನಿಸಿತು. ರಬುವಾ ಫಿರ್ಮೆಂನಿಂದ ಬಿರಡೆ ಕೊಳ್ಳುವುದನ್ನು ನಿಲ್ಲಿಸಿದರು. ಅವರನ್ನು ನೋಡಿ ಉಳಿದವರೂ ನಿಲ್ಲಿಸಿದರು. ಅವನೀಗ ಶನಿವಾರದ ಸಂತೆಯಲ್ಲಿ ಚಾಕು ಮಸೆಯುತ್ತಾನೆ. ಆರ್ಲೆತ್ ಸೊಪ್ಪು ಕೊಳ್ಳಲು ಇಗರ್ಜಿಯ ಹಿಂದಿನಿಂದ ಸುತ್ತಿ ಬರುತ್ತಾರೆ. ಅವರ ಮನೆಯ ಚಾಕುಗಳೆಲ್ಲ ಮೊಂಡು.

ಮದಾಂ ಬ್ರೆಶೇ ಆರ್ಲೆತ್ ಕೈಯಲ್ಲಿದ್ದ ಬಾಟಲಿ ತೆಗೆದುಕೊಂಡು ಬುಟ್ಟಿಗಿಡುತ್ತಾರೆ. ಆಮೇಲೆ ಆಡಿದ್ದು ವೈನಿನ ಮಾತಲ್ಲ.

"ಒಂಬತ್ತು ವರ್ಷ ನಾನು ಫಿರ್ಮೆಂಗೆ ಒಂದು ನಮಸ್ಕಾರ ಹೇಳಿಲ್ಲ. ಅವನ ಹೆಂಡ್ತಿ ತೀರ್ಕೊಂಡಾಗ ಹೋಗಿ ಮುಖ ತೋರಿಸ್ಲಿಲ್ಲ. ಕೆಟ್ಟ ವೈನ್ ಚರಂಡಿಗೆ ಚೆಲ್ಲಬಹುದು, ಆರ್ಲೆತ್. ಇದನ್ನ ಎಲ್ಲಿ ಚೆಲ್ಲಲಿ ನಾನು?"

ಬುಟ್ಟಿ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿ ಹೋಗುತ್ತಾರೆ. ರಬುವಾ ಗೋಡೆ ಕಡೆ ತಿರುಗಿ, "ನನಗಾದ್ರೂ ಹೇಳಬಹುದಿತ್ತು," ಎನ್ನುತ್ತಾರೆ. "ಅವನು ನನ್ನ ಬಾಗಿಲಿಗೆ ಎರಡು ಸಲ ಬಂದಿದ್ದ. ಒಳಗೆ ಕರೀಲಿಲ್ಲ ನಾನು." ಅವರೂ ಹೊರಟುಹೋಗುತ್ತಾರೆ.

ಮೇಜಿನ ಮೇಲೆ ಇನ್ನೂ ನಲವತ್ತು ಬಾಟಲಿಗಳಿವೆ. ಎರಡನೆಯ ಮೂಗು ಇಲ್ಲದ್ದರಿಂದ ಆರ್ಲೆತ್ ತುಂಬುವ ಬಾಟಲಿಯನ್ನು ಮುಟ್ಟುವುದಿಲ್ಲ. ಏಪ್ರನ್ನಿಗೆ ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕೂರುತ್ತಾರೆ. ಫೋಟೋ ತೆಗೆಯಲು ಹೋದರೆ ಅಂಗೈ ಅಡ್ಡ ಹಿಡಿಯುತ್ತಾರೆ.

"ಫೋಟೋ ಬೇಡ. ಹೆಸರು ಹಾಕಿ, ಹಾಕ್ಲೇಬೇಕು. ಜಾಗ ಉಳಿದ್ರೆ ಇನ್ನೊಂದು ಸಾಲು ಬರೀರಿ, ಫಿರ್ಮೆಂ ಕೊಟ್ಟ ಬಿರಡೆ ಚೆನ್ನಾಗಿತ್ತು ಅಂತ." ಮತ್ತೆ ಕೇಳುತ್ತಾರೆ: "ನಿಮ್ಮ ಪೇಪರ್ ಬರೋದು ಭಾನುವಾರ ಅಲ್ವಾ? ನಾನು ಶನಿವಾರಾನೇ ಸಂತೆಗೆ ಹೋಗ್ತೀನಿ. ಇದನ್ನ ಅವನು ಪೇಪರಲ್ಲಿ ಓದಿ ತಿಳ್ಕೋಬಾರ್ದು."