ಸುಣ್ಣದಡಿಯಿಂದ ಎದ್ದ ಚೊಗರು

ಹೊಸನಗರದಲ್ಲಿ ನಾನು ಬಸ್ಸು ಬದಲಿಸುವ ಜಾಗದ ಹಿಂದುಗಡೆ ಹೆಂಗಸರ ಒಂದು ಹಳೇ ಶೌಚಾಲಯ ಇದೆ. ಅದರ ಕೊನೇ ಕೋಣೆಯ ಗೋಡೆಯೊಂದು ಬಾಗಿಲು ಹಾಕಿಕೊಂಡ ಮೇಲಷ್ಟೇ ಕಾಣುತ್ತದೆ. ಬಾಗಿಲು ತೆರೆದಾಗ ಅದರ ಹಿಂದೆ ಅಡಗಿರುತ್ತದೆ. ಬರೆಯುವವರೆಲ್ಲ ಆ ಗೋಡೆಯನ್ನೇ ಆರಿಸಿಕೊಂಡಿದ್ದು ಅದಕ್ಕೇ ಇರಬೇಕು. ಮೇಲೆ ಮಾಡಿನಲ್ಲಿ ಒಂದು ಗಾಜಿನ ಹೆಂಚು. ಅದರಿಂದ ಇಳಿಯುವ ಬೆಳಕು ಮಳೆಗಾಲದಲ್ಲಿ ಹಸಿರು, ಬೇಸಿಗೆಯಲ್ಲಿ ಹಳದಿ. ಆ ಬೆಳಕಿನಲ್ಲಿ ನಿಂತು ಓದುತ್ತಿದ್ದರೆ ಹೊರಗೆ ಕಂಡಕ್ಟರುಗಳು ಊರುಗಳ ಹೆಸರು ಕೂಗುವುದು ನೀರಿನಡಿಯಿಂದ ಕೇಳಿದ ಹಾಗೆ ಕೇಳುತ್ತದೆ.

ನನ್ನ ಮನೆ ತೀರ್ಥಹಳ್ಳಿ. ಸಾಗರದ ಹತ್ತಿರ ಬಟ್ಟೆ ನೇಯ್ದು ಬಣ್ಣ ಹಾಕುವ ಕೇಂದ್ರವೊಂದಕ್ಕೆ ಚೀಲ, ಜುಬ್ಬ ಹೊಲಿದುಕೊಡುತ್ತೇನೆ. ಸೋಮವಾರ ಬಂತೆಂದರೆ ಹೊಲಿದದ್ದನ್ನು ಕಟ್ಟಿಕೊಂಡು ಹೊರಡುವುದು, ಹೊಸ ಬಟ್ಟೆ ತರುವುದು. ಹೊಸನಗರದಲ್ಲಿ ಪರಿಚಯದ ಮನೆಯವರೊಬ್ಬರು ಬಣ್ಣದ ಕೆಲಸಕ್ಕೆಂದು ಒಂದು ಕ್ಯಾನಿನಲ್ಲಿ ಚೊಗರು ತಂದುಕೊಡುತ್ತಾರೆ. ಅಡಿಕೆ ಬೇಯಿಸಿದ ನೀರು ಬತ್ತಿ ಉಳಿಯುವ ಕೆಂಪು ರಸ ಅದು. ಮುಚ್ಚಳ ಎಷ್ಟು ಬಿಗಿದರೂ ಒಂದಿಷ್ಟು ಸೋರಿ ನನ್ನ ಬೆರಳುಗಳು ಯಾವಾಗಲೂ ಕೆಂಪು. ಸಾಬೂನಿಗೆಲ್ಲ ಹೋಗುವುದಲ್ಲ ಅದು. ಮದುವೆಮನೆಯಲ್ಲಿ ಬಡಿಸಲು ನಿಂತರೆ ಜನ ಮೊದಲು ಪಲ್ಯ ನೋಡುವುದಿಲ್ಲ, ನನ್ನ ಕೈ ನೋಡುತ್ತಾರೆ.

ತೀರ್ಥಹಳ್ಳಿಯಲ್ಲಿ ನಾನು ಬಸ್ಸು ಹತ್ತುವ ಜಾಗದ ಶೌಚಾಲಯಕ್ಕೆ ಟೈಲ್ಸ್ ಹಾಕಿದ್ದಾರೆ. ಅಲ್ಲಿ ಏನೂ ನಿಲ್ಲುವುದಿಲ್ಲ, ನೀರು ತಾಗಿದರೆ ಪೆನ್ನಿನ ಗೀಟು ಹೋಯಿತು. ಸಾಗರದಲ್ಲಿ ಬರೆಯುತ್ತಾರೆ, ಆದರೆ ಬರೀ ಜಗಳ. ನಲ್ಲಿ ತೆರೆದಿಟ್ಟು ಹೋದವರಿಗೆ ಒಬ್ಬರ ಬೈಗುಳ, ಬೈದವರಿಗೆ ಇನ್ನೊಬ್ಬರ ಬೈಗುಳ. ಹೊಸನಗರದ ಗೋಡೆ ಮಾತ್ರ ಜಗಲಿಯ ಹಾಗಿತ್ತು. "ಅಪ್ಪೆಮಿಡಿ ಉಪ್ಪಿಗೆ ಹಾಕಿದ್ದು ಮೆತ್ತಗಾಗ್ತದೆ, ಏನು ಮಾಡೋದು?" ಎಂದು ಯಾರೋ ಕೇಳಿದ್ದರು. ಕೆಳಗೆ ಒಬ್ಬರು ಹುಬ್ಬಿನ ಪೆನ್ಸಿಲಿನಲ್ಲಿ, "ಉದುರಿದ್ದು ಹಾಕಿರ್ತೀರಿ, ಕೊಯ್ದಿದ್ದು ಹಾಕಿ." ಅದರ ಕೆಳಗೆ ಮತ್ತೊಬ್ಬರು, "ಇಲ್ಲಿ ಬಂದೂ ಉಪ್ಪಿನಕಾಯಾ?" ಪರೀಕ್ಷೆ ಹೆದರಿಕೆ ಎಂದು ಬರೆದ ಹುಡುಗಿಗೆ ತೋಟದ ಮನೆಯ ಯಾರೋ ತಮ್ಮ ಮನೆಮಾತಿನಲ್ಲೇ "ಹೆದ್ರಡ, ಎಂತೂ ಆಗ್ತಿಲ್ಲೆ" ಎಂದು ಧೈರ್ಯ ಹೇಳಿದ್ದರು. ಮುಂದಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ನಾನು ತೂಕಡಿಸುವಾಗ ಈ ಅಕ್ಷರಗಳಿಗೆಲ್ಲ ದನಿ ಬರುತ್ತಿತ್ತು. ಮುಖವಿಲ್ಲದ ಹೆಂಗಸರು ನನ್ನ ಸೀಟಿನ ಸುತ್ತ ಕೂತು ಮಾವಿನಮಿಡಿ ಆರಿಸುತ್ತಾ ಮಾತಾಡುತ್ತಿದ್ದರು.

ಎಲ್ಲರ ಕೈಯಲ್ಲೂ ಫೋನಿರುವಾಗ ಗೋಡೆ ಯಾಕೆ ಬೇಕು ಎಂದು ನಮ್ಮ ಯಜಮಾನರು ಕೇಳಿದ್ದುಂಟು. ಫೋನು ನಮ್ಮ ಕೈಯಲ್ಲಿದ್ದರೂ ಅದು ಮನೆಯದ್ದು. ಮಗ ನೋಡುತ್ತಾನೆ, ನಾದಿನಿ ನೋಡುತ್ತಾಳೆ. ಗೋಡೆ ಯಾರ ಮನೆಯದ್ದೂ ಅಲ್ಲ.

ಹೋದ ಬೇಸಿಗೆಯ ಒಂದು ಸೋಮವಾರ, ಅಪ್ಪೆಮಿಡಿಯ ಪಕ್ಕದಲ್ಲಿ, ನೀಲಿ ಪೆನ್ನಿನ ಸಣ್ಣ ಅಕ್ಷರಗಳು ಕಂಡವು. "ನನ್ನ ಎದೆಯಲ್ಲಿ ಒಂದು ಗಂಟು ಆಗಿದೆ. ನೋವಿಲ್ಲ. ಯಾರಿಗೂ ಹೇಳಿಲ್ಲ. ನಿಮಗೆ ಯಾರಿಗಾದರೂ ಹೀಗೆ ಆಗಿತ್ತಾ?"

ಬರುಬರುತ್ತಾ ಉತ್ತರಗಳೂ ಬಂದವು. ಹರಕೆ ಹೊತ್ತುಕೊಳ್ಳಿ ಎಂದು ಒಬ್ಬರು. ಬಿಸಿನೀರಿನ ಶಾಖ ಕೊಡಿ ಎಂದು ಒಬ್ಬರು. ಡಾಕ್ಟರಿಗೆ ತೋರಿಸಿ ಎಂದು ಒಬ್ಬರು ದಪ್ಪಗೆ ಬರೆದು ಅಡಿಗೆರೆ ಎಳೆದಿದ್ದರು. ಅದಕ್ಕೆ ಅದೇ ನೀಲಿ ಪೆನ್ನು ಮರುಮಾತು ಬರೆದಿತ್ತು: "ಡಾಕ್ಟರು ಗಂಡಸರು. ತೋರಿಸೋಕೆ ಒಪ್ಪೋದಿಲ್ಲ." ಅಲ್ಲಿಗೆ ಮಾತು ನಿಂತಿತು. ಆಮೇಲೆ ಬಂದವರು ಅದರ ಸುತ್ತ ಜಾಗ ಬಿಟ್ಟು ಬೇರೆ ವಿಷಯ ಬರೆದರು.

ಕೆಲವು ವರ್ಷಗಳ ಹಿಂದೆ ನನಗೂ ಇದೇ ಆಗಿತ್ತು. ನೋವಿಲ್ಲದ ಗಂಟು, ಬಟಾಣಿಯಷ್ಟು. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋದೆವು. ಬರುವಾಗ ಎಡಗಡೆ ಖಾಲಿ. ನನ್ನ ರವಿಕೆ ನಾನೇ ಹೊಲಿದುಕೊಳ್ಳುವವಳಾದ್ದರಿಂದ ಹೊರಗಿನವರಿಗೆ ಗೊತ್ತಾಗಲಿಲ್ಲ. ಆ ಗೋಡೆಯ ಮುಂದೆ ನಿಂತಾಗ, ಇದನ್ನು ಬರೆದವಳು ಎಲ್ಲೋ ದೋಸೆ ಹೊಯ್ಯುತ್ತಾ, ಬಟ್ಟೆ ಒಗೆಯುತ್ತಾ, ದಿನ ಕಳೆಯುತ್ತಿದ್ದಾಳೆ, ಗಂಟು ಅವಳ ಜೊತೆಗೇ ಬೆಳೆಯುತ್ತಿದೆ ಅನ್ನಿಸಿತು. ನೋವಿಲ್ಲ ಎಂದು ಬಿಟ್ಟರೆ ಕೆಟ್ಟಿತು.

ಚೀಲದಲ್ಲಿದ್ದ ಪೆನ್ನು ಅಂದು ನೀರು ಸಿಡಿದು ಒದ್ದೆಯಾಗಿದ್ದ ಗೋಡೆಯ ಮೇಲೆ ಮೂಡಲಿಲ್ಲ. ಕ್ಯಾನಿನ ಮುಚ್ಚಳ ತೆಗೆದು, ಮೂಲೆಯ ಕಡ್ಡಿಪೊರಕೆಯಿಂದ ಒಂದು ಕಡ್ಡಿ ಮುರಿದು, ಚೊಗರಿನಲ್ಲಿ ಅದ್ದಿ ಬರೆದೆ. "ನನಗೂ ಆಗಿತ್ತು. ತೆಗೆಸಿದೆ. ಬದುಕಿದ್ದೇನೆ. ಸಾಗರದಲ್ಲಿ ಲೇಡಿ ಡಾಕ್ಟರ್ ಇದ್ದಾರೆ. ಸೋಮವಾರ ಬೆಳಿಗ್ಗೆ ಸಾಗರದ ಬಸ್ಸಿಗೆ ಕಾಯುತ್ತಿರುತ್ತೇನೆ. ಕೆಂಪು ಕೈ ನೋಡಿ ಮಾತಾಡಿಸಿ, ಒಟ್ಟಿಗೆ ಹೋಗೋಣ."

ಮುಂದಿನ ಸೋಮವಾರ ಹೋದರೆ ಸುಣ್ಣದ ವಾಸನೆ. ಯಾರೋ ದೊಡ್ಡವರು ಬರುವವರಿದ್ದರಂತೆ, ಇಡೀ ಕಟ್ಟಡಕ್ಕೆ ಬಳಿದಿದ್ದರು. ಅಪ್ಪೆಮಿಡಿ ಇಲ್ಲ, ಪರೀಕ್ಷೆ ಇಲ್ಲ, ಗಂಟೂ ಇಲ್ಲ. ಗೋಡೆ ಬೆಳ್ಳಗೆ, ಯಾರೂ ಎಂದೂ ಬಾಯಿಬಿಡದ ಹಾಗೆ ನಿಂತಿತ್ತು. ಅವಳು ನನ್ನ ಮಾತು ಓದಿದಳೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ. ಬೆಂಚಿನ ಮೇಲೆ ಕೂತು ಬಂದುಹೋಗುವ ಒಬ್ಬೊಬ್ಬ ಹೆಂಗಸನ್ನೂ ನೋಡುತ್ತಿದ್ದೆ. ಸೆರಗು ಎಡಕ್ಕೆ ಎಳೆದುಕೊಂಡವಳು ಅವಳಿರಬಹುದೇ, ಬಲಕ್ಕೆ ಎಳೆದುಕೊಂಡವಳು ಇರಬಹುದೇ. ಬಸ್ಸು ಬಂದರೂ ಒಂದೆರಡು ಸಲ ಹತ್ತದೆ ಬಿಟ್ಟೆ. ಸಾಗರದಲ್ಲಿ ತಡವಾಯಿತೆಂದು ಬೈಸಿಕೊಂಡೆ.

ಶೌಚಾಲಯ ನೋಡಿಕೊಳ್ಳುವ ಹೆಂಗಸು ಬಾಗಿಲ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅಬ್ಬಲಿಗೆ ಹೂ ಕಟ್ಟುತ್ತಿರುತ್ತಾಳೆ. ಬರೆಯುವವರನ್ನು ಕಂಡರೆ ಅವಳಿಗಾಗದು. ಸುಣ್ಣ ಬಳಿದ ಮೇಲೆ ಅವಳ ಮುಖದಲ್ಲಿ ಒಂದು ಶಾಂತಿ ಬಂದಿತ್ತು. ಅದು ಮಳೆ ಹಿಡಿಯುವ ತನಕ.

ಮಳೆ ಹಿಡಿದು ಗೋಡೆ ತೇವ ಕುಡಿಯಿತು. ಒಂದು ಸೋಮವಾರ ಬಾಗಿಲು ಹಾಕಿಕೊಂಡಾಗ ಸುಣ್ಣದೊಳಗೆ ಮಸುಕು ಗುಲಾಬಿ ಕಲೆಯೊಂದು ಕಂಡಿತು, ನಿದ್ದೆಯಲ್ಲಿರುವವರ ತುಟಿ ಅಲುಗಿದ ಹಾಗೆ. ಮರುವಾರ ಅದು ಅಕ್ಷರವಾಗಿತ್ತು. ಅದರ ಮರುವಾರ ಇಡೀ ಸಾಲು. ಎಲೆಯಡಿಕೆ ಹಾಕುವ ನಾಡಿನಲ್ಲಿ ಅಡಿಕೆಗೆ ಸುಣ್ಣ ತಾಗಿದರೆ ಕೆಂಪೇರುತ್ತದೆ ಎಂದು ಪ್ರತಿ ಬಾಯಿಗೂ ಗೊತ್ತು. ಬಳಿದವರಿಗೂ ನೆನಪಾಗಲಿಲ್ಲ, ಬರೆದ ನನಗೂ ನೆನಪಾಗಿರಲಿಲ್ಲ. ನಾನು ಬರೆದದ್ದಕ್ಕಿಂತ ಗಾಢವಾಗಿ ಅದು ಎದ್ದು ಬಂದಿತ್ತು.

ಆದರೆ ಎದ್ದದ್ದು ಚೊಗರು ಮಾತ್ರ. ನೀಲಿ ಪೆನ್ನಿನ ಪ್ರಶ್ನೆ ಸುಣ್ಣದಡಿಯಲ್ಲೇ ಉಳಿಯಿತು. ಪ್ರಶ್ನೆಯಿಲ್ಲದ ಉತ್ತರ ಗೋಡೆಯ ತುಂಬ ಕೆಂಪಗೆ ನಿಂತಿತ್ತು. ಏನು ತೆಗೆಸಿದ್ದು, ಯಾಕೆ ಬದುಕಿದ್ದು, ಓದಿದವರಿಗೆ ತಿಳಿಯಬೇಕಲ್ಲ. ಒಬ್ಬ ಅಜ್ಜಿ ಬೆಂಚಿನಲ್ಲಿ ನನ್ನ ಪಕ್ಕ ಕೂತು, ಕೈ ನೋಡಿ, ದವಡೆಹಲ್ಲು ತೆಗೆಸಿದರೆ ಕಣ್ಣು ಮಂಜಾಗುವುದು ಹೌದೇ ಎಂದು ವಿಚಾರಿಸಿದರು. ಕಾಲೇಜು ಹುಡುಗಿಯೊಬ್ಬಳು ಪಿತ್ತಕೋಶದ ಕಲ್ಲಿನ ವಿಷಯ ಕೇಳಿದಳು, ಅವಳ ಅಮ್ಮನಿಗಂತೆ. ಗೊತ್ತಿದ್ದಷ್ಟು ಹೇಳಿದೆ. ನಾನು ಕಾಯುತ್ತಿದ್ದವಳು ಬರಲಿಲ್ಲ.

ನೋಡಿಕೊಳ್ಳುವವಳು ಇನ್ನೊಂದು ಸಲ ಸುಣ್ಣ ಹಚ್ಚಿಸಿದಳು. ಬರಹ ಮತ್ತೂ ಕೆಂಪಾಯಿತು. ಯಾರೋ ಅದರ ಬುಡದಲ್ಲಿ ಒಂದು ದಾಸವಾಳ ಇಟ್ಟು ಹೋಗಿದ್ದರು.

"ಬಳಿದಷ್ಟೂ ಬರ್ತದೆ ಮಾರಾಯ್ತಿ," ಎಂದಳು ನನ್ನ ಹತ್ತಿರ, ಹೂ ಕಟ್ಟುವುದು ನಿಲ್ಲಿಸದೆ. "ಚೌಡಿ ದೈವದ ಕೆಲಸ ಅಂತಾರೆ ಜನ. ಚೌಡಿಗೆ ಸಾಗರದ ಬಸ್ಸು ಯಾಕೆ ಬೇಕು ಹೇಳಿ. ಕ್ಯಾನು ಸೋರ್ತಾ ಇದೆ, ನೆಟ್ಟಗಿಡಿ."

ಅಷ್ಟು ದಿನವೂ ಅವಳಿಗೆ ಗೊತ್ತಿತ್ತು.

ಆಷಾಢದ ಮಂಜು ಬಸ್ಸುಗಳನ್ನು ನುಂಗಿ ನುಂಗಿ ಉಗುಳುತ್ತಿದ್ದ ಒಂದು ಸೋಮವಾರ, ಅತ್ತೆ ಸೊಸೆ ಇಬ್ಬರು ಮಾಸ್ತಿಕಟ್ಟೆ ಕಡೆಯ ಬಸ್ಸಿನಿಂದ ಇಳಿದರು. ಅತ್ತೆ ಬೆಂಚಿನ ಆ ತುದಿಯಲ್ಲಿ ಕೊಡೆ ಊರಿಕೊಂಡು ಕೂತರು. ಸೊಸೆ ಒಳಗೆ ಹೋಗಿ ಬಂದವಳು ನನ್ನ ಕೈ ನೋಡಿದಳು. ಮುಖ ನೋಡಿದಳು. ಹತ್ತಿರ ಬಂದು ತಗ್ಗಿದ ದನಿಯಲ್ಲಿ, ನೀಲಿ ಪೆನ್ನಿನಲ್ಲಿ ಕೇಳಿದ್ದು ತಾನೇ ಎಂದಳು. ತಿಂಗಳಿಗೊಮ್ಮೆ ಅತ್ತೆಯ ಶುಗರ್ ಮಾತ್ರೆಗೆ ಬರುತ್ತಾರಂತೆ. ಮಳೆಗೆ ಒಂದು ತಿಂಗಳು ತಪ್ಪಿತ್ತಂತೆ. ಅದಕ್ಕೂ ಮೊದಲು ಬಂದಾಗ ಬರೀ ಸುಣ್ಣ ಕಂಡು, ತಾನು ಬರೆದದ್ದೇ ತಪ್ಪಾಯಿತೇನೋ, ಅದಕ್ಕೇ ಅಳಿಸಿದ್ದಾರೆ ಅಂದುಕೊಂಡಳಂತೆ.

ನಾನು ಎದ್ದು ನಿಂತೆ. ಈಗಲೇ ಹೋಗೋಣ, ಇನ್ನು ತಡ ಮಾಡುವುದು ಬೇಡ ಅಂದೆ.

"ನಂಗಲ್ಲ ಅಕ್ಕ," ಅಂದಳು. "ಅತ್ತೆಗೆ. ಬೆನ್ನು ಉಜ್ಜುವಾಗ ನನ್ನ ಕೈಗೆ ಸಿಕ್ತು. ಅವ್ರ ಮಾನ ಅಲ್ವಾ, ಅತ್ತೆಗೆ ಅಂತ ಬರೆಯೋಕೆ ಕೈ ಬರ್ಲಿಲ್ಲ. ನನ್ದು ಅಂತ ಬರೆದೆ."

ಅತ್ತೆಗೆ ಕಿವಿ ಚುರುಕು. ಆ ತುದಿಯಿಂದಲೇ ಶುರು ಮಾಡಿದರು. ಎಲ್ಲಿಗೂ ಬರುವುದಿಲ್ಲ. ನೋವೂ ಇಲ್ಲ, ಎಂಥದೂ ಇಲ್ಲ. ಈ ವಯಸ್ಸಿನಲ್ಲಿ ರವಿಕೆ ಬಿಚ್ಚಿ ಯಾರ ಮುಂದೆ ನಿಲ್ಲುವುದು, ಲೇಡಿಯಾದರೇನು ಯಾರಾದರೇನು. ಕೊಯ್ದು ತೆಗೆದ ಮೇಲೆ ಹೆಂಗಸು ಹೆಂಗಸಾಗಿ ಉಳಿಯುತ್ತಾಳೆಯೇ. ಸೊಸೆ ಮಾತ್ರೆಯ ಚೀಲದ ಹಗ್ಗವನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದಳು. ಸಾಗರದ ಬಸ್ಸು ಮಂಜಿನೊಳಗಿಂದ ಬಂದು ನಿಂತಿತು.

ಮಾತಿನಲ್ಲಿ ಆಗುವ ಕೆಲಸವಲ್ಲ ಎನ್ನಿಸಿತು. ಒಂದು ನಿಮಿಷ ಒಳಗೆ ಬನ್ನಿ ಅಮ್ಮಾ ಎಂದು ಕೈ ಹಿಡಿದೆ. ಏನಂದುಕೊಂಡರೋ, ಬಂದರು. ಕೊನೇ ಕೋಣೆಯ ಬಾಗಿಲು ಹಾಕಿದೆ. ಗಾಜಿನ ಹೆಂಚಿನ ಹಸಿರು ಬೆಳಕು, ಗೋಡೆಯ ಮೇಲೆ ಕೆಂಪು ಅಕ್ಷರ. ಅವರು ನಿಧಾನಕ್ಕೆ ಬೆರಳಿಟ್ಟು ಓದಿದರು. ಬದುಕಿದ್ದೇನೆ ಎನ್ನುವಲ್ಲಿ ಬೆರಳು ನಿಂತಿತು. ನಾನು ರವಿಕೆಯ ಕೊಂಡಿ ಬಿಚ್ಚಿ, ಎಡಗಡೆಯಿಂದ ನಾನೇ ಹೊಲಿದ ಬಟ್ಟೆಯ ಸಣ್ಣ ಚೀಲವನ್ನು ತೆಗೆದು ಅವರ ಅಂಗೈಯಲ್ಲಿಟ್ಟೆ. ಯಜಮಾನರನ್ನು ಬಿಟ್ಟರೆ ಇನ್ನೊಬ್ಬರಿಗೆ ತೋರಿಸಿದ್ದು ಅದೇ ಮೊದಲು.

ಅವರು ಮೊದಲು ಗಾಯದ ಗೆರೆ ನೋಡಿದರು. ಆಮೇಲೆ ಚೀಲವನ್ನು ತೂಗಿ ನೋಡಿದರು.

"ಒಳಗೆ ಎಂಥದು ಇದು?"

"ಸಾಸಿವೆ. ಬರೀ ಹತ್ತಿ ಹಾಕಿದ್ರೆ ಹಗುರ ಆಗ್ತದೆ, ರವಿಕೆ ಮೇಲೆ ಏರ್ತದೆ."

ಅವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸಣ್ಣಗೆ ಜರಜರ ಅಂದಿತು. "ಈ ಮಳೇಲಿ ಮೊಳಕೆ ಬರಲ್ವನೇ?"

"ಹುರಿದು ಹಾಕಿದೀನಿ ಅಮ್ಮಾ."

ಅವರ ಭುಜ ಅಲುಗಿತು. ಅಳುತ್ತಿದ್ದಾರೆ ಅಂದುಕೊಂಡೆ, ನಗುತ್ತಿದ್ದರು. ನನಗೂ ತಡೆಯಲಾಗಲಿಲ್ಲ. ಹೊರಗಿನಿಂದ ಬಾಗಿಲು ಬಡಿದು, ಇಬ್ಬಿಬ್ಬರು ಒಂದೇ ಕಡೆ ಎಂಥ ಮಾಡ್ತೀರಿ ಎಂದು ನೋಡಿಕೊಳ್ಳುವವಳು ಗದರಿದಳು. ನಗು ಇಳಿದ ಮೇಲೆ ಅವರು ಚೀಲವನ್ನು ಸೆರಗಿನಿಂದ ಒರೆಸಿ ಹಿಂದೆ ಕೊಟ್ಟು, ಗಾಯದ ಗೆರೆಯನ್ನು ಒಂದು ಬೆರಳಿನಿಂದ ಮುಟ್ಟಿ, "ಬಸ್ಸು ಹೋಗಿರ್ತದೇನೋ," ಎಂದರು.

ಹೋಗಿರಲಿಲ್ಲ. ಮೂವರೂ ಹತ್ತಿದೆವು. ಸೊಸೆ ದಾರಿಯುದ್ದಕ್ಕೂ ಅತ್ತೆಯ ಕೊಡೆಯನ್ನು ತಬ್ಬಿ ಹಿಡಿದು ಕೂತಿದ್ದಳು. ಸಾಗರದ ಡಾಕ್ಟರು ನೋಡಿ ಮಣಿಪಾಲಕ್ಕೆ ಬರೆದುಕೊಟ್ಟರು. ಅಲ್ಲಿಗೂ ನಾನು ಜೊತೆಗೆ ಹೋದೆ. ಇನ್ನೂ ಹಬ್ಬಿಲ್ಲ, ಸಕಾಲಕ್ಕೆ ಬಂದಿರಿ ಅಂದರು ಅಲ್ಲಿ. ತೆಗೆದರು.

ಚಳಿ ಬಿದ್ದ ಮೇಲೆ ಒಂದು ಸೋಮವಾರ ಅತ್ತೆ ಸೊಸೆ ಬೆಂಚಿನಲ್ಲಿ ನನಗಾಗಿ ಕಾಯುತ್ತಿದ್ದರು. ಅತ್ತೆ ಸ್ವಲ್ಪ ಇಳಿದುಹೋಗಿದ್ದರು, ಕೊಡೆ ಮಾತ್ರ ಮೊದಲಿನ ಹಾಗೇ ಊರಿದ್ದರು. ಮಡಿಲಿನಿಂದ ಕಾಗದದ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. ಅವರ ಹಿತ್ತಿಲ ಸಾಸಿವೆ. ಅಂಗಡಿಯದ್ದು ತನಗೆ ಆಗುವುದಿಲ್ಲ, ಇದನ್ನೇ ಹಾಕಿ ಹೊಲಿದುಕೊಡಬೇಕು, ತಾನೇ ಹುರಿದು ತಂದಿದ್ದೇನೆ ಎಂದರು. ಆಮೇಲೆ ನಿನ್ನ ಕ್ಯಾನು ಒಂದು ಗಳಿಗೆ ಕೊಡು ಅಂದರು.

ಒಳಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಸೊಸೆ ಎರಡು ಸಲ ಬಾಗಿಲ ತನಕ ಹೋಗಿ ಬಂದಳು. ನೋಡಿಕೊಳ್ಳುವವಳು ಹೂವಿನ ಬುಟ್ಟಿ ಕೆಳಗಿಟ್ಟು, ಮತ್ತೊಬ್ಬರು ಶುರು ಮಾಡಿದರಾ ಎಂದು ನನ್ನನ್ನೇ ಕೇಳಿದಳು. ಆದರೆ ಕುರ್ಚಿಯಿಂದ ಏಳಲಿಲ್ಲ.

ಅವರನ್ನು ಬಸ್ಸು ಹತ್ತಿಸಿ ಬಂದು ಒಳಗೆ ಹೋದೆ. ನನ್ನ ಸಾಲಿನ ಕೆಳಗೆ, ಸ್ಲೇಟಿನ ಮೇಲೆ ತಿದ್ದಿದ ಹಾಗೆ ದೊಡ್ಡದಾಗಿ, ಇನ್ನೂ ಹಸಿಯಾಗಿ, ಒಂದು ಪದವಿತ್ತು: "ನಾನೂ."

ಕೊನೆಯ ಅಕ್ಷರದಿಂದ ಚೊಗರಿನ ಹನಿಯೊಂದು ಗೋಡೆಗುಂಟ ಮೆಲ್ಲಗೆ ಇಳಿಯುತ್ತಿತ್ತು. ಅದು ನೆಲ ಮುಟ್ಟುವುದರೊಳಗೆ ಬೆರಳಿನಿಂದ ತಡೆದೆ. ಹೊರಗೆ ಯಾರೋ ಸಾಗರ, ಸಾಗರ ಎಂದು ಕೂಗುತ್ತಿದ್ದರು.